ಎರಡು ಗುಟುಕಿನ ಕಾರ್ಖಾನೆ

ಸ್ನೇಹಿತರೊಬ್ಬರು ತಮ್ಮ ಅಡುಗೆಮನೆಯ ಕಟ್ಟೆಯ ಚಿತ್ರವನ್ನು ಕಳುಹಿಸಿ, ‘ಅಂತೂ ಪೂರ್ಣಗೊಂಡಿತು’ ಎಂದು ಬರೆದಿದ್ದರು. ಮುಖ ನೋಡಿಕೊಳ್ಳಬಹುದಾದಷ್ಟು ಹೊಳೆಯುವ, ಒತ್ತಡದ ಬಿಸಿನೀರಿನಿಂದ ಗಾಢ ಕಾಫಿ ಇಳಿಸುವ ಎಸ್ಪ್ರೆಸೊ ಯಂತ್ರ, ಅದರ ಎತ್ತರಕ್ಕೇ ನಿಂತ ಗ್ರೈಂಡರ್, ಪುಡಿಯನ್ನು ಒತ್ತಿ ಕೂರಿಸುವ ಮರದ ಹಿಡಿಯ ಟ್ಯಾಂಪರ್, 0.1 ಗ್ರಾಂವರೆಗೆ ತೂಗುವ ತಕ್ಕಡಿ, ಸೂಜಿಗಳನ್ನು ನೆಟ್ಟ ಒಂದು ಉಪಕರಣ, ನೀರು ಚಿಮುಕಿಸುವ ಪುಟ್ಟ ಶೀಷೆ ಎಲ್ಲವೂ ಆ ಚಿತ್ರದಲ್ಲಿದ್ದವು. ಇಲ್ಲದಿದ್ದುದು ಕಾಫಿ. ಇಂಥ ಚಿತ್ರಗಳನ್ನು ಪರಸ್ಪರ ಹಂಚಿಕೊಂಡು ಸುಖಿಸುವ ಕಾಫಿಪ್ರಿಯರ ಬಳಗದಲ್ಲಿ ಇದು ಲೋಪವಲ್ಲ. ಗ್ರೈಂಡರಿನ ಬರ್, ಅಂದರೆ ಬೀಜ ಬೀಸುವ ಹಲ್ಲುಚಕ್ರ, ಶಂಕುವಿನಾಕಾರದ್ದೋ ಚಪ್ಪಟೆಯದೋ, ಬಾಯ್ಲರ್ ಒಂದೋ ಎರಡೋ ಎಂದು ಕೇಳುವವರುಂಟೇ ಹೊರತು ಕಾಫಿ ಹೇಗಿತ್ತು ಎಂದು ಕೇಳಿದವರನ್ನು ನಾನು ಕಂಡಿಲ್ಲ.

ಕರೆದರೆಂದು ಒಂದು ಬೆಳಿಗ್ಗೆ ಹೋದೆ. ಯಂತ್ರ ಕಾಯಲು ಅರ್ಧ ಗಂಟೆ ಬೇಕು, ಅದು ಕಾಯುವವರೆಗೆ ನಾವೂ ಕಾಯಬೇಕು ಎಂದರು. ಬಂದ ಗಿರಾಕಿಗೆ ಆಗಿಂದಾಗಲೇ ಒಂದು ಬಟ್ಟಲು ಇಳಿಸಿಕೊಡಬಲ್ಲ ಯಂತ್ರಕ್ಕೆಂದು ಮಿಲಾನಿನ ಲುಯಿಜಿ ಬೆಜ್ಜೆರಾ 1901ರಲ್ಲಿ ಪೇಟೆಂಟ್ ಕೋರಿದಾಗ, ಅವಸರದವರಿಗಾಗಿ ಹುಟ್ಟಿದ ಈ ಪಾನೀಯ ಮುಂದೊಂದು ದಿನ ಜಗತ್ತಿನ ಅತ್ಯಂತ ನಿರುದ್ಯೋಗಿ ಬೆಳಗುಗಳನ್ನು ಬೇಡುತ್ತದೆಂದು ಆತ ಊಹಿಸಿರಲಾರ. ಸ್ನೇಹಿತರ ಯಂತ್ರದ ಮುಂಭಾಗದಲ್ಲಿದ್ದುದು 1961ರ ಫಯೆಮಾ ಕಂಪನಿಯ ಇ61 ಮಾದರಿಯ, ಪುಡಿಯ ಮೇಲೆ ಬಿಸಿನೀರು ಬಿಡುವ ಭಾರವಾದ ಹಿತ್ತಾಳೆಯ ಗ್ರೂಪ್ ಹೆಡ್. ಬೆಳಗಿನಿಂದ ರಾತ್ರಿಯವರೆಗೆ ಜನ ಬಂದು ಹೋಗುವ ಕಾಫಿ ಬಾರ್‌ಗಳಲ್ಲಿ, ಒಂದರ ಹಿಂದೊಂದು ಬಟ್ಟಲು ಇಳಿಸುವಾಗಲೂ ನೀರಿನ ಶಾಖ ಏರುಪೇರಾಗಬಾರದೆಂದು ಅಷ್ಟು ಲೋಹವನ್ನು ಅದಕ್ಕೆ ಹೊರಿಸಲಾಗಿತ್ತು. ಅಲ್ಲಿ ಅದು ಆರುವ ಪ್ರಶ್ನೆಯೇ ಇರಲಿಲ್ಲ. ಇಲ್ಲಿ ಅಷ್ಟೂ ಹಿತ್ತಾಳೆಯನ್ನು ದಿನಕ್ಕೊಮ್ಮೆ ಎರಡು ಗುಟುಕಿಗಾಗಿ ಕಾಯಿಸಿ, ಮತ್ತೆ ಆರಿಸಲಾಗುತ್ತದೆ. ಮೂಗಿಗಿಂತ ಮೂಗುತಿ ಭಾರ ಎಂದವರು ಈ ಮೂಗುತಿಯನ್ನು ನೋಡಿರಲಿಲ್ಲ.

ಯಂತ್ರ ಕಾದ ಮೇಲೆ ಬೀಜಗಳ ಸರದಿ ಬಂತು. ಸರಿಯಾಗಿ 18 ಗ್ರಾಂ. ತಕ್ಕಡಿ 18.1 ತೋರಿಸಿದಾಗ ಅವರು ಒಂದು ಬೀಜವನ್ನು ತೆಗೆದರು, 17.9 ಆಯಿತು. ಅದನ್ನು ಮರಳಿ ಹಾಕಿ, ಡಬ್ಬಿಯಲ್ಲಿ ಬೆರಳಾಡಿಸಿ, ಅದಕ್ಕಿಂತ ಸಣ್ಣದೊಂದನ್ನು ಹುಡುಕಿ ಬದಲಾಯಿಸಿದ ಮೇಲೆಯೇ ಅವರ ಹುಬ್ಬು ಸಡಿಲಗೊಂಡಿತು. ಬಳಿಕ ಬೀಜಗಳಿಗೆ ಶೀಷೆಯ ನೀರಿನ ಪ್ರೋಕ್ಷಣೆ ನಡೆಯಿತು. ಇದನ್ನು ಕಂಡು ನಗಬೇಕೆಂದಿದ್ದೆ, ಆದರೆ ಬೀಜದಲ್ಲಿ ತೇವವಿದ್ದರೆ ಬೀಸುವಾಗ ಹುಟ್ಟುವ ಸ್ಥಿರವಿದ್ಯುತ್ತು ತಗ್ಗುತ್ತದೆಂದು ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಪ್ರಬಂಧವನ್ನೇ ಪ್ರಕಟಿಸಿದ್ದಾರೆ. ಈ ಬಳಗದ ಸಂಕಟವೇ ಅದು: ನೀವು ಹಾಸ್ಯಕ್ಕೆಂದು ಹಿಡಿದುಕೊಂಡದ್ದು ಅರ್ಧದಷ್ಟು ಸಲ ನಿಜವಾಗಿರುತ್ತದೆ.

ಸೂಜಿಗಳ ವಿಷಯದಲ್ಲಿ ಮಾತ್ರ ನನಗೆ ಅಂಥ ಸೋಲಾಗಲಿಲ್ಲ. ಮನೆಯ ಸಾಧಾರಣ ಗ್ರೈಂಡರ್ ಪುಡಿಯನ್ನು ಗಂಟುಗಂಟಾಗಿ ಉದುರಿಸುತ್ತಿದ್ದ ಕಾಲದಲ್ಲಿ, ಅಂದರೆ 2005ರಲ್ಲಿ, ಜಾನ್ ವೈಸ್ ಎಂಬವರು ಮೊಸರಿನ ಖಾಲಿ ಡಬ್ಬಿಯ ತಳ ಕತ್ತರಿಸಿ ಪುಡಿಯ ಮೇಲಿಟ್ಟು, ಒಂದು ಸೂಜಿಯಿಂದ ಕಲಕುವ ಉಪಾಯವನ್ನು ತಿಳಿಸಿಕೊಟ್ಟರು. ಅದು ಬಡ ಗ್ರೈಂಡರಿನ ಔಷಧ. ಇಂದು ಗಂಟೇ ಬಾರದಂತೆ ಬೀಸುವ ಶ್ರೀಮಂತ ಗ್ರೈಂಡರ್ ಕೊಂಡವರು ಅದೇ ಔಷಧವನ್ನು, ಲೋಹದ ಹಿಡಿ ಮತ್ತು ನಿಲ್ಲಿಸುವ ಪೀಠದ ಸಮೇತ, ಕಾಯಿಲೆಯಿಲ್ಲದೆಯೇ ಸೇವಿಸುತ್ತಾರೆ. ಸ್ನೇಹಿತರು ಉಸಿರು ಬಿಗಿಹಿಡಿದು ಕಲಕಿದರು, ಒತ್ತಿದರು, 58 ಮಿಲಿಮೀಟರಿನ ಆ ಪುಡಿಯ ಬಿಲ್ಲೆಯನ್ನು ಓರೆಗಣ್ಣಿನಿಂದ ಪರೀಕ್ಷಿಸಿದರು.

ಮೊದಲ ಕಾಫಿ 19 ಸೆಕೆಂಡಿಗೇ ಸುರಿದುಹೋಯಿತು. ಇಪ್ಪತ್ತೈದರಿಂದ ಮೂವತ್ತು ಸೆಕೆಂಡುಗಳೊಳಗೆ ಬರಬೇಕಾದದ್ದು ಅವಸರಪಟ್ಟಿತೆಂದು ಅದನ್ನು ಸಿಂಕಿಗೆ ಚೆಲ್ಲಿದರು. ಎರಡನೆಯದು 41 ಸೆಕೆಂಡು ತೆಗೆದುಕೊಂಡಿತು, ಅದೂ ಸಿಂಕಿಗೆ. ಮೂರನೆಯದು ತಳವಿಲ್ಲದ ಪೋರ್ಟಾಫಿಲ್ಟರಿನಿಂದ, ಅಂದರೆ ಪುಡಿ ತುಂಬಿ ಯಂತ್ರಕ್ಕೆ ಸಿಕ್ಕಿಸುವ ಹಿಡಿಯಿಂದ, ಎಳೆಯಾಗಿ ಚಿಮ್ಮಿ ಅವರ ಕನ್ನಡಕಕ್ಕೆ ಬಿತ್ತು. ಆ ಮನೆಯಲ್ಲಿ ಅತಿ ಹೆಚ್ಚು ಎಸ್ಪ್ರೆಸೊ ಕುಡಿದಿರುವುದು ಸಿಂಕೇ ಇರಬೇಕು, ಒಂದು ದಿನವೂ ದೂರು ಹೇಳಿಲ್ಲ.

ನಾಲ್ಕನೆಯದು 28 ಸೆಕೆಂಡಿಗೆ 36 ಗ್ರಾಂ ಇಳಿಯಿತು. ನಾನು ಕೈ ಚಾಚಿದೆ. ‘ಒಂದು ನಿಮಿಷ’ ಎಂದು ಅವರು ಬಟ್ಟಲನ್ನು ತಮ್ಮತ್ತ ಎಳೆದುಕೊಂಡು, ಕಾಫಿಯನ್ನು ಕದಡಿ, ಒಂದು ತೊಟ್ಟನ್ನು ತಣ್ಣಗಾಗಿಸಿ, ಬೆಳಕು ಬಾಗುವುದನ್ನು ನೋಡಿ ಕಾಫಿಯಲ್ಲಿ ಕರಗಿದ್ದೆಷ್ಟೆಂದು ಹೇಳುವ ವಕ್ರೀಭವನಮಾಪಕದ ಗಾಜಿನ ಮೇಲಿಟ್ಟರು. ಕರಗಿದ ಅಂಶ ಶೇ 10. ಅಂದರೆ 36 ಗ್ರಾಂ ಕಾಫಿಯಲ್ಲಿ 3.6 ಗ್ರಾಂ, ಅಂದರೆ 18 ಗ್ರಾಂ ಪುಡಿಯ ಶೇ 20 ಭಾಗ ಬಟ್ಟಲಿಗೆ ಬಂದಿದೆ ಎಂದು ಕಾಗದದ ಮೇಲೆ ಲೆಕ್ಕ ಮಾಡಿ, ‘ಅದ್ಭುತವಾಗಿದೆ’ ಎಂದು ಘೋಷಿಸಿದರು. ಇನ್ನೂ ಯಾರೂ ಕುಡಿದಿರಲಿಲ್ಲ.

ಅಷ್ಟರಲ್ಲಿ ಕಿಟಕಿಯ ಬೆಳಕು ಯಂತ್ರದ ಮೇಲೆ ಬಿದ್ದುದರಿಂದ ಇನ್ನೊಂದು ಚಿತ್ರ ತೆಗೆಯುವುದು ಅನಿವಾರ್ಯವಾಯಿತು. ಬಟ್ಟಲಿನ ಅಂಚಿಗೆ ಕಲೆಯಾಗಿದೆಯೆಂದು ಅದನ್ನು ಚೌಕಟ್ಟಿನಿಂದ ಹೊರಗಿಟ್ಟರು. ನಾನು ಅದನ್ನು ಅಲ್ಲಿಂದಲೇ ಎತ್ತಿ ಕುಡಿದೆ. ತಣ್ಣಗಾಗಿತ್ತು, ಮೇಲಿನ ನೊರೆ, ಅಂದರೆ ಕ್ರೆಮಾ, ಕರಗಿತ್ತು, ಆದರೂ ಸುಳ್ಳೇಕೆ, ಚೆನ್ನಾಗಿತ್ತು. ಹಾಗೆಂದು ಹೇಳುವಷ್ಟರಲ್ಲಿ ಅವರ ಫೋನಿಗೆ ಬಳಗದ ಹಿರಿಯರೊಬ್ಬರ ಉತ್ತರ ಬಂದಿತ್ತು: ‘ಯಂತ್ರ ಚೆನ್ನಾಗಿದೆ. ಆದರೆ ಆ ಗ್ರೈಂಡರಿನಲ್ಲಿ ಒಳ್ಳೆಯ ಕಾಫಿ ಸಾಧ್ಯವಿಲ್ಲ.’ ಸ್ನೇಹಿತರು ನನ್ನ ಕೈಯಲ್ಲಿದ್ದ ಖಾಲಿ ಬಟ್ಟಲನ್ನೊಮ್ಮೆ ಅನುಮಾನದಿಂದ ನೋಡಿ, ಹೊಸ ಗ್ರೈಂಡರ್ ಹಿಡಿಸುವಷ್ಟು ಜಾಗ ಕಟ್ಟೆಯ ಮೇಲೆ ಉಳಿದಿದೆಯೇ ಎಂದು ಅಳತೆಯ ಪಟ್ಟಿ ತರಲು ಒಳಗೆ ಹೋದರು.