ಸಂಬಳವಿಲ್ಲದ ಮೇಷ್ಟ್ರು, ಬಿಸ್ಮಾರ್ಕನ ಪಿಂಚಣಿ ಪಾಠ

ಜರ್ಮನಿಯ ಆಧುನಿಕ ಇತಿಹಾಸ ಹೇಳಿಕೊಡುವವರಿಗೆ ಹತ್ತೊಂಬತ್ತನೇ ಶತಮಾನದ ಚಾನ್ಸಲರ್ ಬಿಸ್ಮಾರ್ಕ್ ಅಂದರೆ ಹಬ್ಬ. 1883ರಲ್ಲಿ ಕಾರ್ಮಿಕರಿಗೆ ಆರೋಗ್ಯ ವಿಮೆ, 1884ರಲ್ಲಿ ಅಪಘಾತ ವಿಮೆ, 1889ರಲ್ಲಿ ವೃದ್ಧಾಪ್ಯದ ಪಿಂಚಣಿ. ಸಮಾಜವಾದಿಗಳ ಕಡೆ ಜನ ವಾಲಬಾರದು ಅಂತ ಲೆಕ್ಕ ಹಾಕಿಯೇ ಕೊಟ್ಟ, ನಿಜ. ಆದರೂ ಕೊಟ್ಟನಲ್ಲ! ಇದನ್ನೆಲ್ಲ ಇವತ್ತು ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ವಿವರಿಸುವವರು ಯಾರು? ಎಷ್ಟೋ ಕಡೆ, ಆ ಪಾಠಕ್ಕೆ ಬಿಡಿಗಾಸೂ ಸಿಗದ ಮೇಷ್ಟ್ರು.

ಇವರನ್ನು ಪ್ರಿವಾಟ್‌ಡೋಟ್ಸೆಂಟ್ ಅನ್ನುತ್ತಾರೆ. ಪಿಎಚ್‌ಡಿ ಮುಗಿಸಬೇಕು. ಅದರ ಮೇಲೆ ಹಾಬಿಲಿಟಾಟ್ಸಿಯೋನ್ ಅಂತ ಇನ್ನೊಂದು ದಪ್ಪ ಪ್ರಬಂಧ ಬರೆದು ಪಾಸಾಗಬೇಕು. ಅಷ್ಟರಲ್ಲಿ ವಯಸ್ಸು ನಲವತ್ತರ ಆಸುಪಾಸು. ಆಗ ಕೈಗೆ ಬರುವುದು ಕೆಲಸವಲ್ಲ, ಪಾಠ ಮಾಡುವ ಹಕ್ಕು. ಹಕ್ಕು ಉಳಿಯಬೇಕಾದರೆ ಪಾಠ ಮಾಡುತ್ತಲೇ ಇರಬೇಕು, ಸಾಮಾನ್ಯವಾಗಿ ಪುಕ್ಕಟೆ. ನಿಲ್ಲಿಸಿದರೆ ಹೆಸರಿನ ಹಿಂದಿನ ಬಿರುದೂ ಹೋಗಬಹುದು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತೀವಲ್ಲ, ಇಲ್ಲಿ ಹೂವಿನ ದುಡ್ಡನ್ನೂ ಅವರೇ ದುಡಿದು ತೀರಿಸಬೇಕು. ನಮ್ಮ ಕಾಲೇಜುಗಳ ಅತಿಥಿ ಉಪನ್ಯಾಸಕರು ಇದನ್ನು ಓದಿದರೆ ತಮ್ಮ ಗೌರವಧನವನ್ನು ಮೊದಲ ಸಲ ಪ್ರೀತಿಯಿಂದ ನೋಡಿಯಾರು. ಅಲ್ಲಿ ಧನ ಇಲ್ಲ, ಬರೀ ಗೌರವ.

ಒಂದು ಕ್ಲಾಸನ್ನು ಊಹಿಸಿಕೊಳ್ಳಿ. ವೇಳಾಪಟ್ಟಿಯಲ್ಲಿ ಹತ್ತು ಗಂಟೆ ಅಂತಿದ್ದರೆ ಶುರುವಾಗುವುದು 10.15ಕ್ಕೆ. ಈ ಕಾಲು ಗಂಟೆ ಅಲ್ಲಿನ ಹಳೇ ಸಂಪ್ರದಾಯ. ಮೇಷ್ಟ್ರು 1918ರ ನವೆಂಬರಿಗೆ ಬಂದಿದ್ದಾರೆ. ಕೈಸರ್, ಅಂದರೆ ಜರ್ಮನಿಯ ಚಕ್ರವರ್ತಿ, ಹಾಲೆಂಡಿಗೆ ಓಡಿಹೋದ. ಮಾಲೀಕರು, ಕಾರ್ಮಿಕ ಸಂಘದವರು ಕೂತು ಒಪ್ಪಂದಕ್ಕೆ ಸಹಿ ಹಾಕಿದರು. ದಿನಕ್ಕೆ ಎಂಟೇ ಗಂಟೆ ಕೆಲಸ.

"ಸಂಬಳ ಕಮ್ಮಿ ಮಾಡದೇನಾ?" ಹಿಂದಿನ ಸಾಲಿನ ಹುಡುಗಿ ಕೇಳುತ್ತಾಳೆ.

"ಕಮ್ಮಿ ಮಾಡದೆ," ಅನ್ನುತ್ತಾರೆ ಮೇಷ್ಟ್ರು, ಬೇಗ ಮುಂದಿನ ಸ್ಲೈಡಿಗೆ ಹೋಗುತ್ತಾ.

ಸಂಬಳ ಪಡೆಯುವ ಕಿರಿಯ ಸಂಶೋಧಕರ ಪಾಡು ಇನ್ನೂ ಚೆಂದ. 2007ರ ಕಾನೂನಿನ ಪ್ರಕಾರ ಪಿಎಚ್‌ಡಿಗೆ ಮೊದಲು ಹೆಚ್ಚೆಂದರೆ 6 ವರ್ಷ, ಆಮೇಲೆ ಸಾಮಾನ್ಯವಾಗಿ ಹೆಚ್ಚೆಂದರೆ 6 ವರ್ಷ ಗುತ್ತಿಗೆ. ಮಕ್ಕಳಿದ್ದರೆ ಸ್ವಲ್ಪ ಜಾಸ್ತಿ. ಅಷ್ಟರೊಳಗೆ ಕಾಯಂ ಆಗದಿದ್ದರೆ ಹೊರಗಿನ ಪ್ರಾಜೆಕ್ಟ್ ದುಡ್ಡು ಹುಡುಕಬೇಕು, ಇಲ್ಲವೇ ನಮಸ್ಕಾರ.

ಯಾಕಪ್ಪಾ ಹೀಗೆ ಅಂದರೆ ಸರ್ಕಾರದ ಹತ್ತಿರ ಉತ್ತರ ಇತ್ತು, ಅದೂ ಕಾರ್ಟೂನಿನಲ್ಲಿ. ಕೇಂದ್ರ ಶಿಕ್ಷಣ ಮತ್ತು ಸಂಶೋಧನಾ ಸಚಿವಾಲಯದ ಒಂದು ವಿಡಿಯೋದಲ್ಲಿ ಹನ್ನಾ ಎಂಬ ಜೀವವಿಜ್ಞಾನಿ. ಒಂದೇ ತಲೆಮಾರಿನವರು ಹುದ್ದೆಗಳಲ್ಲೆಲ್ಲ ತುಂಬಿ ದಾರಿ ಕಟ್ಟಬಾರದು, ಜನ ಬದಲಾಗುತ್ತಿದ್ದರೆ ಹೊಸತನ ಬರುತ್ತದೆ ಎಂದು ವಿಡಿಯೋ ಹೇಳಿತು. ಅಂದರೆ ಅನುಭವ ಇರುವ ಮೇಷ್ಟ್ರು ಸಿಂಕಿನಲ್ಲಿ ಸಿಕ್ಕಿಕೊಂಡ ಅನ್ನದಗುಳು. ವಿಚಿತ್ರ ಅಂದರೆ, ಈ ಹೊಸತನದ ಸೂತ್ರ ಕಾಯಂ ಪ್ರೊಫೆಸರುಗಳಿಗಾಗಲಿ ಸಚಿವಾಲಯದ ಅಧಿಕಾರಿಗಳಿಗಾಗಲಿ ಅನ್ವಯವಾಗುವುದಿಲ್ಲ. ಅವರಲ್ಲಿ ಹೊಸತನ ತಾನಾಗಿಯೇ ಉಕ್ಕುತ್ತದೆ ಅಂತ ಕಾಣುತ್ತದೆ.

2021ರ ಜೂನಿನಲ್ಲಿ "ನಾನೇ ಹನ್ನಾ" ಎಂದು ಸಾವಿರಾರು ಜನ ಟ್ವಿಟ್ಟರಿನಲ್ಲಿ ಬರೆದರು. ಅದನ್ನು ಶುರು ಮಾಡಿದ ಮೂವರಲ್ಲಿ ಇತಿಹಾಸಕಾರರೂ ಒಬ್ಬರು. ಸಚಿವಾಲಯ ವಿಡಿಯೋವನ್ನು ತೆಗೆದುಹಾಕಿತು. ಕಾನೂನನ್ನು ಹಾಗೇ ಇಟ್ಟುಕೊಂಡಿತು.

ಆಮೇಲೆ ಬಂದ ಸಮ್ಮಿಶ್ರ ಸರ್ಕಾರ ಸುಧಾರಣೆಯ ಮಾತು ಕೊಟ್ಟಿತು. 2023ರ ಮಾರ್ಚಿನ ಒಂದು ಶುಕ್ರವಾರ ಪ್ರಸ್ತಾವ ಹೊರಬಂತು: ಪಿಎಚ್‌ಡಿ ನಂತರದ 6 ವರ್ಷವನ್ನು 3ಕ್ಕೆ ಇಳಿಸುವುದು! ಕೆಲಸ ಕಾಯಂ ಮಾಡಿ ಅಂತ ಕೇಳಿದವರಿಗೆ, ಬೇಗ ಹೊರಡಿ ಅನ್ನುವ ಸುಧಾರಣೆ. ಗಲಾಟೆ ಎಷ್ಟಾಯಿತೆಂದರೆ ಭಾನುವಾರದ ಹೊತ್ತಿಗೆ ಪ್ರಸ್ತಾವ ವಾಪಸ್. ಅದಕ್ಕೆ ಸಿಕ್ಕ ಗುತ್ತಿಗೆ ಒಂದು ವಾರಾಂತ್ಯದ್ದು.

ಮತ್ತೆ ಒಂದು ವರ್ಷ ತಿದ್ದಿ, 2024ರಲ್ಲಿ ಸಂಪುಟ ಬೇರೆ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಆ ನವೆಂಬರಿನಲ್ಲಿ ಸರ್ಕಾರವೇ ಮುರಿದುಬಿತ್ತು. ಸಂಸತ್ತಿನ ಅವಧಿ ಮುಗಿದರೆ ಪಾಸಾಗದ ಮಸೂದೆಯೂ ಮುಗಿದಂತೆ ಅನ್ನುವುದು ಅಲ್ಲಿನ ನಿಯಮ. ಹೊಸ ಸಂಸತ್ತು ಮೊದಲಿಂದ ಶುರು ಮಾಡಬೇಕಾಯಿತು. ಹನ್ನಾಗಳ 12 ವರ್ಷದಲ್ಲಿ ಎಷ್ಟು ಉಳಿದಿದೆ ಎಂಬ ಲೆಕ್ಕವನ್ನು ಮಾತ್ರ ವಿಶ್ವವಿದ್ಯಾಲಯದ ಸಿಬ್ಬಂದಿ ವಿಭಾಗ ಒಂದು ದಿನವೂ ತಪ್ಪದಂತೆ ಇಡುತ್ತದೆ. ಆ ವಿಭಾಗದವರು ಹೆಚ್ಚಾಗಿ ಕಾಯಂ ನೌಕರರು.