ಸರ್ವರ್ ಕಂಟ್ರೋಲ್‌ಗಳನ್ನು ಬೈಯುವವರೊಂದಿಗೆ ನನ್ನ ತಕರಾರು

ಸರ್ವರ್ ಕಂಟ್ರೋಲ್‌ಗಳಿಂದ ವೆಬ್ ಪುಟ ಕಟ್ಟುವ ಮೈಕ್ರೋಸಾಫ್ಟ್‌ನ ಹಳೆಯ ವಿಧಾನವಾದ ವೆಬ್ ಫಾರ್ಮ್ಸ್ ಹೆಸರು ಕೇಳಿದ ಕೂಡಲೇ ಮೂಗು ಮುರಿಯುವ ಪ್ರೋಗ್ರಾಮರ್‌ಗಳೊಂದಿಗೆ ನನಗೊಂದು ತಕರಾರಿದೆ. ಹಳತು, ಭಾರ, ಮುಗಿದ ಕಥೆ ಎಂದು ಒಂದೇ ಉಸಿರಿನಲ್ಲಿ ತೀರ್ಪು ಕೊಡುತ್ತಾರೆ. ದೋಷವಿಲ್ಲ ಎನ್ನುತ್ತಿಲ್ಲ, ಖಂಡಿತ ಇದೆ. ಆದರೆ ಇವರು ಬೆರಳು ತೋರಿಸುವ ಜಾಗದಲ್ಲಿ ಅಲ್ಲ.

2002ರಲ್ಲಿ ವೆಬ್ ಫಾರ್ಮ್ಸ್ ಒಳಗೊಂಡ ಎಎಸ್‌ಪಿ ಡಾಟ್‌ನೆಟ್ ಬರುವ ಮುನ್ನ ಹಳೆಯ ಎಎಸ್‌ಪಿ ಪುಟಗಳು ಹೇಗಿದ್ದವೆಂದು ನೆನಪಿಸಿಕೊಳ್ಳಿ. ಎಚ್‌ಟಿಎಂಎಲ್ ನಡುವೆ ವಿಬಿಸ್ಕ್ರಿಪ್ಟ್ ಕೋಡ್, ಅದರ ನಡುವೆ ಡೇಟಾಬೇಸ್ ಕ್ವೆರಿ, ಅದು ಮುಗಿಯುವಷ್ಟರಲ್ಲಿ ಟೇಬಲ್ಲಿನ ಅರ್ಧ ಸಾಲು. ಬಳಕೆದಾರ ಒಂದು ಖಾನೆಯನ್ನು ತಪ್ಪಾಗಿ ತುಂಬಿದರೆ, ಉಳಿದ ಖಾನೆಗಳಲ್ಲಿ ಅವನು ಬರೆದದ್ದನ್ನು ಹಾಗೆಯೇ ಮರಳಿ ತೋರಿಸಲು ಪ್ರತಿಯೊಂದಕ್ಕೂ ಕೈಯಾರೆ ಕೋಡ್ ಬರೆಯಬೇಕಿತ್ತು. ಅಂಥ ಹೊತ್ತಿನಲ್ಲಿ ಬಂದ ಸರ್ವರ್ ಕಂಟ್ರೋಲ್ (ಸರ್ವರ್‌ನ ಕೋಡ್ ನೇರವಾಗಿ ಆಡಿಸಬಲ್ಲ ಬಟನ್, ಖಾನೆ, ಪಟ್ಟಿಯಂಥ ಪುಟದ ಭಾಗ) ನಿಜಕ್ಕೂ ಬಿಡುಗಡೆಯಂತಿತ್ತು. ಟ್ಯಾಗಿಗೆ ‘ರನ್‌ಅಟ್ ಸರ್ವರ್’ ಎಂದು ಸೇರಿಸಿದರೆ ಅದು ಸರ್ವರ್‌ನಲ್ಲಿ ಒಂದು ಆಬ್ಜೆಕ್ಟ್ ಆಗುತ್ತದೆ. ಬಟನ್ ಒತ್ತಿದರೆ ನೀವು ಬರೆದ ಮೆಥಡ್ ಓಡುತ್ತದೆ. ರಿಪೀಟರ್ ಎಂಬ ಪಟ್ಟಿಯ ಕಂಟ್ರೋಲ್‌ಗೆ ದತ್ತಾಂಶ ಕೊಟ್ಟರೆ ಸಾಲುಗಳು ತಾವಾಗಿಯೇ ಮೂಡುತ್ತವೆ.

ಎಡವಟ್ಟು ಶುರುವಾಗುವುದು ಈ ಸುಖದಲ್ಲಿಯೇ. ಬ್ರೌಸರ್ ಮತ್ತು ಸರ್ವರ್ ಮಾತಾಡುವ ನಿಯಮವಾದ ಎಚ್‌ಟಿಟಿಪಿಗೆ ನೆನಪಿಲ್ಲ. ಉತ್ತರ ಕಳುಹಿಸಿದ ಮೇಲೆ ಸರ್ವರ್ ಆ ಪುಟದ ಆಬ್ಜೆಕ್ಟನ್ನೇ ಎಸೆದುಬಿಡುತ್ತದೆ. ಮುಂದಿನ ಕ್ಲಿಕ್ಕಿಗೆ ಹೊಸ ಪುಟ, ಹೊಸ ಕಂಟ್ರೋಲ್‌ಗಳು. ಹಳೆಯದೇ ಮುಂದುವರಿದಂತೆ ತೋರಿಸಲು ಕಂಟ್ರೋಲ್‌ಗಳ ಸ್ಥಿತಿಯನ್ನು ವ್ಯೂಸ್ಟೇಟ್ ಎಂಬ ಅಡಗಿದ ಖಾನೆಯಲ್ಲಿ ತುಂಬಿ ಬ್ರೌಸರ್‌ಗೆ ಹೊರಿಸುತ್ತಾರೆ. ಅದು ಪ್ರತಿ ಪೋಸ್ಟ್‌ಬ್ಯಾಕ್‌ನಲ್ಲೂ, ಅಂದರೆ ಪುಟ ತನ್ನ ಫಾರ್ಮನ್ನು ಸರ್ವರ್‌ಗೆ ಕಳುಹಿಸಿದಾಗಲೆಲ್ಲ, ಮರಳಿ ಬರಬೇಕು. ಭಾರ ಎಂದು ಎಲ್ಲರೂ ದೂರುವುದು ಇದನ್ನೇ. ನನ್ನ ದೂರು ಬೇರೆ: ಈ ಏರ್ಪಾಡು ಎಷ್ಟು ಚೆನ್ನಾಗಿ ಮರೆಯಲ್ಲಿದೆಯೆಂದರೆ, ವರ್ಷಗಟ್ಟಲೆ ಇದರಲ್ಲಿ ದುಡಿದವರಿಗೂ ಯಾವುದು ಎಲ್ಲಿಂದ ಬರುತ್ತದೆಂದು ತಿಳಿದಿರುವುದಿಲ್ಲ.

ಟೆಕ್ಸ್ಟ್‌ಬಾಕ್ಸ್‌ನಲ್ಲಿ ಬರೆದದ್ದು ಪೋಸ್ಟ್‌ಬ್ಯಾಕ್ ನಂತರವೂ ಉಳಿಯುವುದು ಹೇಗೆಂದು ಕೇಳಿ ನೋಡಿ. ವ್ಯೂಸ್ಟೇಟ್‌ನಿಂದ ಎಂಬ ಉತ್ತರ ಥಟ್ಟನೆ ಬರುತ್ತದೆ. ಅದು ತಪ್ಪು. ಫಾರ್ಮ್ ಜೊತೆಗೆ ಆ ಬರಹ ಹೇಗೂ ಸರ್ವರ್‌ಗೆ ಬಂದಿರುತ್ತದೆ, ಕಂಟ್ರೋಲ್ ಅದನ್ನೇ ಎತ್ತಿಕೊಳ್ಳುತ್ತದೆ. ವ್ಯೂಸ್ಟೇಟ್ ಬಂದ್ ಮಾಡಿದರೂ ಬರಹ ಅಲ್ಲೇ ಇರುತ್ತದೆ. ಕೋಡ್ ಮೂಲಕ ಬದಲಿಸಿದ ಲೇಬಲ್ಲಿನ ಕಥೆ ಹಾಗಲ್ಲ; ಲೇಬಲ್ ಫಾರ್ಮ್ ಜೊತೆ ಹೋಗುವುದಿಲ್ಲ, ಆದ್ದರಿಂದ ಅದಕ್ಕೆ ವ್ಯೂಸ್ಟೇಟ್ ಬೇಕೇ ಬೇಕು. ಇಷ್ಟು ಗೊತ್ತಿಲ್ಲದೆ ಎಲ್ಲ ಕಂಟ್ರೋಲ್‌ಗೂ ಅದನ್ನು ಹಾಗೆಯೇ ಬಿಟ್ಟು, ಆಮೇಲೆ ಪುಟ ದಪ್ಪವಾಯಿತೆಂದು ಕೂಗಾಡುತ್ತಾರೆ.

ಡ್ರಾಪ್‌ಡೌನ್‌ನಲ್ಲಿ ಏನು ಆರಿಸಿದರೂ ಮೊದಲನೆಯದೇ ಉಳಿಯುತ್ತದೆ ಎಂಬ ಗೋಳಂತೂ ನಿತ್ಯದ್ದು. ಬಹಳ ಸಲ ಅದರ ಮೂಲ, ಪ್ರತಿ ಸಲವೂ ಓಡುವ ಪೇಜ್ ಲೋಡ್ ಮೆಥಡ್‌ನಲ್ಲಿ ಪೋಸ್ಟ್‌ಬ್ಯಾಕ್ ಹೌದೋ ಅಲ್ಲವೋ ಎಂದು ನೋಡದೆ ಮತ್ತೆ ಪಟ್ಟಿ ತುಂಬಿ ಆಯ್ಕೆಯನ್ನು ಅಳಿಸಿದ್ದು.

ಇದಕ್ಕಿಂತ ಗಾಬರಿ ಹುಟ್ಟಿಸುವ ಸಂಗತಿ ಇನ್ನೊಂದಿದೆ. ಅಧಿಕಾರಿಗಳಿಗೆ ಮಾತ್ರ ಕಾಣಬೇಕಾದ ಗ್ರಿಡ್‌ವ್ಯೂ ಎಂಬ ಟೇಬಲ್ ಕಂಟ್ರೋಲ್‌ಗೆ ದತ್ತಾಂಶ ತುಂಬಿ, ಉಳಿದವರಿಗೆ ಅದರ ವಿಸಿಬಲ್ ಗುಣವನ್ನು ಫಾಲ್ಸ್ ಮಾಡುತ್ತಾರೆ. ಟೇಬಲ್ ಬ್ರೌಸರ್‌ಗೆ ಹೋಗುವುದಿಲ್ಲ, ನಿಜ. ಆದರೆ ವ್ಯೂಸ್ಟೇಟ್ ಚಾಲೂ ಇದ್ದರೆ ಆ ಸಾಲುಗಳೆಲ್ಲ ಅಡಗಿದ ಖಾನೆಯಲ್ಲಿ ಕುಳಿತು ಪ್ರಯಾಣ ಮಾಡುತ್ತವೆ. ಸಾಮಾನ್ಯವಾಗಿ ಅದು ಗೂಢಲಿಪಿಯೂ ಅಲ್ಲ, ಬರೀ ಬೇಸ್64, ಅಂದರೆ ಯಾರು ಬೇಕಾದರೂ ಬಿಡಿಸಿ ಓದಬಹುದಾದ ಅಕ್ಷರರೂಪ. ಯಾರಾದರೂ ತಿದ್ದಿದರೆ ಸರ್ವರ್ ಅದಕ್ಕೆ ಹಾಕಿದ ಸಹಿ ತಾಳೆಯಾಗದೆ ಸಿಕ್ಕಿಬೀಳುತ್ತದೆ, ಅಷ್ಟೇ. ಓದುವವರನ್ನು ಅದು ತಡೆಯುವುದಿಲ್ಲ. ಅಧಿಕಾರವಿಲ್ಲದವರಿಗೆ ದತ್ತಾಂಶವನ್ನು ತರಲೇಬಾರದು, ತಂದು ಬಚ್ಚಿಡುವುದಲ್ಲ.

ತಮಾಷೆಯೆಂದರೆ ಅಂದು ನಕ್ಕವರೇ ಇಂದು ಸರ್ವರ್ ಕಡೆಗೆ ಮರಳುತ್ತಿದ್ದಾರೆ. 2019ರಲ್ಲಿ ಬಂದ ಮೈಕ್ರೋಸಾಫ್ಟ್‌ನ ಬ್ಲೇಜರ್ ಸರ್ವರ್, ಪಿಎಚ್‌ಪಿಯ ಲಾರವೆಲ್ ಬಳಗದ ಲೈವ್‌ವೈರ್, ಎಲಿಕ್ಸರ್ ಭಾಷೆಯ ಫೀನಿಕ್ಸ್‌ನ ಲೈವ್‌ವ್ಯೂ, ಎಲ್ಲದರ ಮೂಲ ಆಸೆ ಅದೇ: ಬಟನ್ ಬ್ರೌಸರ್‌ನಲ್ಲಿ, ಅದರ ಕೆಲಸ ಸರ್ವರ್‌ನಲ್ಲಿ. ಸ್ಥಿತಿಯನ್ನು ಎಲ್ಲಿಡಬೇಕೆಂಬ ಪ್ರಶ್ನೆಯೂ ಅದೇ. ಬ್ಲೇಜರ್ ಸರ್ವರ್ ಅದನ್ನು ಪುಟಕ್ಕೆ ಹೊರಿಸುವ ಬದಲು ಪ್ರತಿ ಬಳಕೆದಾರನ ಹೆಸರಿನಲ್ಲಿ ಸರ್ವರ್‌ನ ಮೆಮೊರಿಯಲ್ಲಿ ಇಡುತ್ತದೆ. ಪುಟ ಹಗುರವಾಯಿತು, ಆದರೆ ಸರ್ವರ್ ಮರುಚಾಲನೆಯಾದರೆ ಸಾಮಾನ್ಯವಾಗಿ ಆ ನೆನಪೂ ಹೋಯಿತು. ಯಾವುದು ಮೇಲು ಎಂಬುದು ಕೆಲಸವನ್ನು ಅವಲಂಬಿಸಿದೆ, ಫ್ಯಾಷನ್ನನ್ನಲ್ಲ.

ಹೊಸ ಯೋಜನೆಗೆ ವೆಬ್ ಫಾರ್ಮ್ಸ್ ಆರಿಸಿಕೊಳ್ಳಿ ಎಂದು ನಾನು ಹೇಳುವುದಿಲ್ಲ. ಮೈಕ್ರೋಸಾಫ್ಟ್ ಹೊಸದಾಗಿ ಕಟ್ಟಿದ 2016ರ ಎಎಸ್‌ಪಿ ಡಾಟ್‌ನೆಟ್ ಕೋರ್‌ನಲ್ಲಿ ಅದಕ್ಕೆ ಜಾಗವೇ ಸಿಗಲಿಲ್ಲ. ಆದರೆ ಹಳೆಯ ಡಾಟ್‌ನೆಟ್ ಫ್ರೇಮ್‌ವರ್ಕ್ ಮೇಲೆ ಇಂದಿಗೂ ಓಡುತ್ತಿರುವ ಪುಟಗಳು ನಿಮ್ಮ ಕೈಗೆ ಬಂದಿದ್ದರೆ, ಎಲ್ಲವನ್ನೂ ಹೊಸದಾಗಿ ಬರೆಯುತ್ತೇವೆಂದು ಹೊರಡುವ ಮುನ್ನ ಪುಟದ ಟ್ರೇಸ್ ಚಾಲೂ ಮಾಡಿ. ಯಾವ ಕಂಟ್ರೋಲ್ ಎಷ್ಟು ಬೈಟ್ ವ್ಯೂಸ್ಟೇಟ್ ಹೊತ್ತಿದೆಯೆಂದು ಅದು ಸಾಲುಸಾಲಾಗಿ ತೋರಿಸುತ್ತದೆ. ಬರೀ ಓದಲು ಇಟ್ಟ ದೊಡ್ಡ ಗ್ರಿಡ್ ಇದ್ದರೆ ಮೊದಲು ಅದರ ವ್ಯೂಸ್ಟೇಟ್ ಬಂದ್ ಮಾಡಿ ನೋಡಿ.