ಎಂಸಿಬಿ ಶಾಕ್ ತಡೆಯುವುದಿಲ್ಲ, ದಯವಿಟ್ಟು ಆ ಸಾಲು ತಿದ್ದಿ

ನಿಮ್ಮ ಲೇಖನದ ಉಳಿದ ಭಾಗ ಚೆನ್ನಾಗಿದೆ. ಆದರೆ "ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬಿದ್ದು ಲೈನ್ ಕಡಿಯುವ ಸ್ವಿಚ್) ಹಾಕಿಸಿದರೆ ಶಾಕ್ ಭಯವಿಲ್ಲ" ಅಂತ ಬರೆದಿದ್ದೀರಲ್ಲ, ಅದು ತಪ್ಪು, ಜೀವಕ್ಕೆ ಕುತ್ತು ತರುವ ತಪ್ಪು. 16 ಆಂಪಿಯರ್ ಎಂಸಿಬಿ ಬೀಳುವುದು ಅದಕ್ಕಿಂತ ಜಾಸ್ತಿ ಕರೆಂಟ್ ಹರಿದು ವೈರ್ ಬಿಸಿಯಾಗುವಾಗ, ಇಲ್ಲವೇ ಶಾರ್ಟ್ ಆದಾಗ. ಅದು ಕಾಯುವುದು ವೈರನ್ನು, ಮನುಷ್ಯನನ್ನಲ್ಲ. ಮೈಯಲ್ಲಿ 50 ಮಿಲಿಆಂಪಿಯರ್ ಒಂದೆರಡು ಸೆಕೆಂಡ್ ಹರಿದರೂ ಹೃದಯದ ಬಡಿತ ತಪ್ಪಬಹುದು. ಅಷ್ಟು ಸಣ್ಣ ಕರೆಂಟ್ ಆ ಎಂಸಿಬಿಗೆ ಗೊತ್ತೇ ಆಗುವುದಿಲ್ಲ, ಅಲ್ವಾ?

ಶಾಕ್ ತಡೆಯಲು ಬೇಕಾದದ್ದು 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ಬೀಳುವ ಸ್ವಿಚ್. ಫೇಸ್‌ನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಅಂತ ಅದು ನೋಡುತ್ತಲೇ ಇರುತ್ತದೆ, ಕಡಿಮೆ ಬಂದರೆ ಎಲ್ಲೋ ಸೋರುತ್ತಿದೆ, ಬಹುಶಃ ಯಾರದೋ ಮೈ ಮೂಲಕ ನೆಲಕ್ಕೆ ಹೋಗುತ್ತಿದೆ ಅಂತ ಅರ್ಥ, ಆಗ 0.3 ಸೆಕೆಂಡ್ ಒಳಗೆ ಕಡಿದುಹಾಕುತ್ತದೆ. 300 ಮಿಲಿಆಂಪಿಯರ್‌ನದೂ ಸಿಗುತ್ತದೆ, ಅದು ಬೆಂಕಿ ತಡೆಯಲು. ಕೊಳ್ಳುವವರು ಸುಮ್ನೆ 40 ಆಂಪಿಯರ್ ಅನ್ನುವ ದೊಡ್ಡ ಅಂಕಿ ನೋಡಿ ತರುತ್ತಾರೆ, ಪಕ್ಕದ ಮಿಲಿಆಂಪಿಯರ್ ಅಂಕಿಯೇ ಮುಖ್ಯ ಅಂತ ಯಾರೂ ಹೇಳುವುದಿಲ್ಲ.

ಹಾಗಂತ ಎಂಸಿಬಿ ತೆಗೆಯಬೇಡಿ. ಆರ್‌ಸಿಸಿಬಿಗೆ ಓವರ್‌ಲೋಡ್ ತಿಳಿಯುವುದಿಲ್ಲ, ಎರಡೂ ಇರಬೇಕು, ಅಥವಾ ಎರಡೂ ಸೇರಿದ ಆರ್‌ಸಿಬಿಒ ಹಾಕಿಸಿ. ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಮುಟ್ಟಿದರೆ ಆರ್‌ಸಿಸಿಬಿ ಕೂಡ ಕಾಯುವುದಿಲ್ಲ. ಲೇಖನದಲ್ಲಿ ಇದನ್ನೂ ಸೇರಿಸಿ. ಆರ್‌ಸಿಸಿಬಿ ಮೇಲಿನ ಟೆಸ್ಟ್ ಬಟನ್ ಆಗಾಗ ಒತ್ತಿ ನೋಡಲು ಹೇಳಿ, ಬೀಳದಿದ್ದರೆ ತಕ್ಷಣ ಬದಲಾಯಿಸಬೇಕು.